ಚೀಲದ ತೂಕ ಕಳೆದು

ಏಕಾಂತಯ್ಯನನ್ನು ಮನೆಗೆ ಕಳಿಸುವ ದಿನ ಹಾಸನದ ಆಸ್ಪತ್ರೆಯ ನರ್ಸಮ್ಮ ಮಾತ್ರೆಗಳನ್ನೆಲ್ಲ ಬಿಡಿಸಿ ಹೇಳಿ ಮುಗಿಸಿ, ಕೊನೆಗೆ, "ಮನೇಲಿ ತೂಕದ ಮಿಷನ್ ಇದೆಯಾ?" ಎಂದು ಕೇಳಿದಳು.

ಗುರುಶಾಂತಮ್ಮ ಗಂಡನ ಮುಖ ನೋಡಿದಳು. ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದ ಏಕಾಂತಯ್ಯ ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ನಕ್ಕ.

"ತೂಕದ ಮಿಷನ್ನಾ? ಅದರ ಪಕ್ಕ ನಿಂತೇ ಕಣಮ್ಮ ನಾನು ಮುದುಕ ಆಗಿದ್ದು."

"ಹಾಗಾದ್ರೆ ಒಳ್ಳೇದೇ ಆಯ್ತು. ದಿನಾ ಬೆಳಿಗ್ಗೆ, ಹೊರಗಡೆ ಹೋಗಿ ಬಂದ ಮೇಲೆ, ಏನೂ ತಿನ್ನೋ ಮೊದಲು ತೂಕ ನೋಡ್ಬೇಕು. ನಿಮ್ಮ ಹೃದಯ ಸೋತಿದೆ. ಮೈಯಲ್ಲಿರೋ ನೀರನ್ನ ಹೊರಗೆ ಹಾಕಿಸೋ ಅಷ್ಟು ಶಕ್ತಿ ಅದಕ್ಕಿಲ್ಲ. ನೀರು ಒಳಗೇ ನಿಲ್ತಾ ಹೋಗತ್ತೆ. ಕಣ್ಣಿಗೆ ಕಾಣೋಕ್ಕೆ ಮುಂಚೆ ತೂಕಕ್ಕೆ ಗೊತ್ತಾಗತ್ತೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿತು ಅಂದ್ರೆ ಕಾಯಬೇಡಿ, ಬಂದುಬಿಡಿ. ಅದು ಮೈ ಬಂದದ್ದಲ್ಲ, ನೀರು. ಉಪ್ಪು ಕಡಿಮೆ ಮಾಡಿ. ಅಮ್ಮ, ನಿಮಗೇ ಹೇಳ್ತಿರೋದು."

ಗುರುಶಾಂತಮ್ಮ ತಲೆಯಾಡಿಸಿದಳು. ಅವಳು ಕೇಳಿಸಿಕೊಂಡದ್ದನ್ನು ಮರೆಯುವವಳಲ್ಲ.

ಸಕಲೇಶಪುರದ ಕಡೆ ಬಸ್ಸು ಹೊರಟ ಮೇಲೆ ಏಕಾಂತಯ್ಯ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ: "ಏರಿದ್ರೆ ಕಾಯಿಲೆ ಅಂತಲ್ಲೇ! ಇಳಿದ್ರೆ ಕಾಯಿಲೆ ಅಂತ ನಮ್ಮಪ್ಪನ ಕಾಲದಿಂದ ಕೇಳಿದೀನಿ. ಸೊರಗಿ ಸೊರಗಿ ಸತ್ತ ಅಂತಾರೆ. ತೂಕ ಏರಿ ಸತ್ತ ಅಂತ ಯಾರನ್ನಾರ ಕಂಡಿದೀಯ ನೀನು?"

"ನರ್ಸಮ್ಮ ಸುಳ್ಳು ಹೇಳ್ತಾಳಾ?"

"ಸುಳ್ಳು ಅಂತ ನಾನೆಲ್ಲಿ ಅಂದೆ? ಪೇಟೆಯವರಿಗೆ ಅದು ಸರಿ. ಕೂತು ತಿನ್ನೋರಿಗೆ."

ಬೆಳಗೋಡಿನಿಂದ ಒಳಕ್ಕೆ, ಎಸ್ಟೇಟ್ ಗೇಟಿನ ಪಕ್ಕದಲ್ಲೇ ಅವರ ಮನೆ. ಏಕಾಂತಯ್ಯ ಆ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಹಣ್ಣು ತೂಗುವ ಕೆಲಸದವನು. ಹಣ್ಣಿನ ಕಾಲದಲ್ಲಿ ಸಂಜೆಯಾದರೆ ಆಳುಗಳೆಲ್ಲ ಕೊಯ್ದ ಚೀಲ ಹೊತ್ತು ಸಾಲಾಗಿ ಬರುತ್ತಿದ್ದರು. ಚೀಲವನ್ನು ಹಲಗೆಯ ಮೇಲಿಟ್ಟರೆ ಏಕಾಂತಯ್ಯ ಕಬ್ಬಿಣದ ಕಡ್ಡಿಯ ಮೇಲೆ ಹಿತ್ತಾಳೆ ಗುಂಡನ್ನು ಬೆರಳಿನಿಂದ ಜಾರಿಸಿ, ಕಡ್ಡಿ ಮಟ್ಟವಾಗಿ ನಿಂತ ಕೂಡಲೇ ತೂಕ ಕೂಗುತ್ತಿದ್ದ. ಹಣ್ಣಿನ ಜೊತೆ ಗೋಣಿಚೀಲದ ತೂಕವೂ ಸೇರಿರುತ್ತದಲ್ಲ, ಅದನ್ನು ಕಳೆಯಲು ಆ ಸ್ಟೋರಿನಲ್ಲಿ ಒಂದು ಕ್ರಮವಿತ್ತು. ಕಡ್ಡಿಯ ತುದಿಯ ಕೊಕ್ಕೆಗೆ ಒಂದು ಕಬ್ಬಿಣದ ವಾಷರ್ ಸಿಕ್ಕಿಸುವುದು. ಆ ತುದಿಗೆ ಅಷ್ಟು ಚಿಕ್ಕ ಬಿಲ್ಲೆ ಸೇರಿದರೂ ತೂಕ ಒಂದು ಕೆ.ಜಿ. ಕಡಿಮೆ ಕಾಣುತ್ತಿತ್ತು. ಒಂದು ವಾಷರ್ ಅಂದರೆ ಒಂದು ಚೀಲ, ಒಂದು ಕೆ.ಜಿ. ಅವನಿಗಿಂತ ಮುಂಚೆ ಇದ್ದವನು ಆಳುಗಳ ಕಣ್ಣು ತಪ್ಪಿಸಿ ಎರಡು ಸಿಕ್ಕಿಸುತ್ತಿದ್ದನಂತೆ. ಏಕಾಂತಯ್ಯ ಒಂದೇ ಸಿಕ್ಕಿಸುತ್ತಿದ್ದ, ಎಲ್ಲರಿಗೂ ತೋರಿಸಿಯೇ ಸಿಕ್ಕಿಸುತ್ತಿದ್ದ. ಹಾಗಾಗಿ ಅವನು ಕೂಗಿದ ತೂಕಕ್ಕೆ ಎದುರು ಮಾತು ಇರಲಿಲ್ಲ. ಕೂಗಿದ್ದು ಜಾಸ್ತಿಯಾದರೆ ಸಾಲಿನಲ್ಲಿದ್ದವರು "ಹೋ" ಎಂದು ಸಂತೋಷಪಡುತ್ತಿದ್ದರು. ಅವನ ಆಯುಷ್ಯವೆಲ್ಲ ಕಳೆದದ್ದು ಹಾಗೆ, ಏರಿದ್ದಕ್ಕೆ ಜನ ನಗುವುದನ್ನು ನೋಡುತ್ತ.

ಈಗ ಸ್ಟೋರಿಗೆ ಕರೆಂಟಿನ ಹೊಸ ಮಿಷನ್ ಬಂದಿತ್ತು. ಹಳೆಯದು ಮೂಲೆ ಸೇರಿತ್ತು. ಏಕಾಂತಯ್ಯ ಅದನ್ನು ಕೇಳಿದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಾಜಶೇಖರ್, "ತಗೊಂಡು ಹೋಗಿ ಏಕಾಂತಯ್ಯೋರೆ, ಗುಜರಿಗೆ ಹಾಕೋದೇ" ಎಂದು ಜೀಪಿನಲ್ಲಿ ಹಾಕಿಸಿದ. ತಾನೂ ಮನೆಯವರೆಗೆ ಬಂದು ಜಗಲಿಯ ಮೇಲೆ ಇಳಿಸಿಕೊಟ್ಟ. ಹೊರಡುವಾಗ ಏಕಾಂತಯ್ಯನ ತೋಳು ಮುಟ್ಟಿ ನೋಡಿ ಒಂದು ಮಾತಂದ:

"ಏನ್ರೀ ಇದು, ಮೂಳೆ ಬಂದುಬಿಟ್ಟೈತೆ. ಎಷ್ಟಿದ್ರಿ ಮೊದಲು?"

"ಐವತ್ತೆಂಟು."

"ಮೊದಲಿನ ಹಾಗೆ ಮೈ ತುಂಬ್ಕೊಂಡು ಬನ್ನಿ. ಹಣ್ಣು ಶುರು ಆಗೋ ಹೊತ್ತಿಗೆ ತೂಕ ನಿಮ್ಮದೇ. ಅಲ್ಲೀಗಂಟ ಆ ಸಿದ್ದು ನೋಡ್ಕೊಂಡಿರ್ತಾನೆ."

ರಾಜಶೇಖರ್ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ ಮಾತು ಏಕಾಂತಯ್ಯನ ಒಳಗೆ ಹೋಗಿ ಕೂತುಬಿಟ್ಟಿತು. ಆಸ್ಪತ್ರೆಯಿಂದ ಬಂದಾಗ ಅವನಿದ್ದದ್ದು ಐವತ್ತು. ಐವತ್ತೆಂಟಾದರೆ ಕೆಲಸ. ನರ್ಸಮ್ಮ ಹೇಳಿದ್ದು ಆಮೇಲೆ ಅವನ ಕಿವಿಗೆ ಬೀಳಲೇ ಇಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಬಂದು ಹಲಗೆ ಹತ್ತುತ್ತಿದ್ದ. ತಾನೇ ಗುಂಡು ಜಾರಿಸಿ ತಾನೇ ಕೂಗುತ್ತಿದ್ದ. ಬೇಲಿಯಾಚೆಯಿಂದ ಲಕ್ಕಯ್ಯ, ಸ್ಟೋರಿನಲ್ಲಿ ಚೀಲ ಎತ್ತುವ ಹಳೆಯ ಗೆಳೆಯ, ಬೀಡಿ ಕಚ್ಚಿಕೊಂಡು ಕೇಳುತ್ತಿದ್ದ:

"ಎಷ್ಟು ಬಂತು ಏಕಾಂತಣ್ಣ, ಇವತ್ತಿನ ಬೆಳೆ?"

"ಐವತ್ತೊಂದು ಕಣೋ."

"ಪರವಾಗಿಲ್ಲ ಮಾರಾಯ, ಗೊಬ್ಬರ ಹಿಡೀತಾ ಐತೆ!"

ಗುರುಶಾಂತಮ್ಮನಿಗೂ ಆಗ ಹೆದರಿಕೆಯಿರಲಿಲ್ಲ. ಊಟ ಸೇರುತ್ತಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ನಿಧಾನವಾಗಿ ಏರಿದ್ದು ಊಟದ್ದು ಎಂದು ಅವಳು ಸರಿಯಾಗಿಯೇ ತಿಳಿದಿದ್ದಳು. ಐವತ್ತೆರಡಕ್ಕೆ ಬಂದು ನಿಂತಾಗ ಬಸವಣ್ಣನ ಗುಡಿಗೆ ಎಣ್ಣೆ ಕೊಟ್ಟು ಬಂದಳು.

ಮಳೆ ಹಿಂದೆಗೆದು ಚಳಿ ಬಿತ್ತು. ಒಂದು ದಿನ ಅವಳು ಗದ್ದೆಯಿಂದ ಬರುವಾಗ ಏಕಾಂತಯ್ಯ ಅಡುಗೆಮನೆಯ ಮೂಲೆಯಲ್ಲಿ ಹೇರಳೆಕಾಯಿ ಉಪ್ಪಿನಕಾಯಿಯ ಜಾಡಿ ಬಗ್ಗಿಸಿಕೊಂಡು ಕೂತಿದ್ದ. ಗಂಜಿಯ ಬಟ್ಟಲು ಕೆಂಪಗಾಗಿತ್ತು.

"ಏನ್ರೀ ಇದು!"

"ಸಪ್ಪೆ ಗಂಜಿ ಎಷ್ಟು ದಿನ ಅಂತ ಕುಡೀಲೇ? ದನಕ್ಕೂ ಕಲ್ಲುಪ್ಪು ಇಡ್ತೀಯಲ್ಲ ನೀನು. ಉಪ್ಪು ತಿನ್ನದ ದನ ಮೈ ಹಿಡಿಯಲ್ಲ."

ಅವಳು ಜಾಡಿ ಎತ್ತಿ ಲಕ್ಕಯ್ಯನ ಮನೆಗೆ ಕೊಟ್ಟುಬಂದಳು. ಏಕಾಂತಯ್ಯ ಲಕ್ಕಯ್ಯನ ಮನೆಗೇ ಹೋಗಿ ತಿನ್ನುತ್ತಿದ್ದ. ಇದು ಅವಳಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕಡ್ಡಿ ಐವತ್ನಾಲ್ಕರಲ್ಲಿ ನಿಂತಿತು. ಮೊನ್ನೆ ಐವತ್ತೆರಡು. ಏಕಾಂತಯ್ಯ ಚಪ್ಪಾಳೆ ಹೊಡೆಯುವುದೊಂದು ಬಾಕಿ.

"ನೋಡೇ! ಒಂದೇ ಏಟಿಗೆ ಎರಡು!"

ಗುರುಶಾಂತಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು. "ಹೊರಡಿ. ಹಾಸನಕ್ಕೆ ಹೋಗಣ."

"ಯಾಕೆ?"

"ಎರಡು ಕೆ.ಜಿ. ಅಂದಿದ್ರು. ಮರೆತ್ರಾ?"

"ಏನಾಗೈತೆ ನಂಗೆ? ತಿಂದಿದೀನಿ, ಮೈ ಬಂದೈತೆ. ಹೋದ್ರೆ ಮತ್ತೆ ಸೂಜಿ ಚುಚ್ಚಿ, ಎಲ್ಲಾನೂ ಇಳಿಸಿ, ಕಡ್ಡಿ ಮಾಡಿ ಕಳಿಸ್ತಾರೆ. ಹಣ್ಣು ಶುರು ಆಗ್ತಾ ಐತೆ ಕಣೆ."

"ಹಣ್ಣು ಮುಂದಿನ ವರ್ಷನೂ ಆಗ್ತದೆ."

"ತಕ್ಕಡಿ ಮುಂದಿನ ವರ್ಷ ಯಾರ ಕೈಲಿರ್ತದೆ?"

ಅವಳು ಹಟ ಹಿಡಿದಳು. ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡೋಣ, ಹಾಗೇ ಇದ್ದರೆ ಮೊದಲ ಬಸ್ಸಿಗೇ ಹೋಗೋಣ ಎಂದು ಅವನು ಒಪ್ಪಿದ. ಅವಳು ದನ ಬಿಟ್ಟು ಬರಲು ಹೋದಾಗ ಏಕಾಂತಯ್ಯ ಜಗಲಿಯ ಗೂಡಿನಲ್ಲಿದ್ದ ಹಳೆಯ ತಗಡಿನ ಡಬ್ಬಿ ತೆಗೆದ. ಸ್ಟೋರಿನ ವಾಷರ್‌ಗಳು ಮಿಷನ್ ಜೊತೆಗೇ ಬಂದಿದ್ದವು. ಎರಡನ್ನು ಕೊಕ್ಕೆಗೆ ಸಿಕ್ಕಿಸಿ, ಅದರ ಮೇಲೆ ಒಂದು ಚಿಂದಿ ಬಟ್ಟೆ ಸುತ್ತಿದ. ಕೊಕ್ಕೆಗೆ ತುಕ್ಕು ಹಿಡಿಯದಿರಲಿ ಎಂದು ಸುತ್ತಿದ ಹಾಗೆ ಕಂಡಿತು.

ಮಾರನೆಯ ಬೆಳಿಗ್ಗೆ ಕಡ್ಡಿ ಐವತ್ತೆರಡಕ್ಕೆ ನಿಂತಿತು.

"ನೋಡು. ನಿನ್ನೆ ಗುಂಡು ಸರಿಯಾಗಿ ಕೂತಿರಲಿಲ್ಲ ಅಷ್ಟೇ" ಎಂದ.

ಗುರುಶಾಂತಮ್ಮ ಕಡ್ಡಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಊರೆಲ್ಲ ನಂಬಿದ ತೂಕದವನು. ಒಬ್ಬ ಆಳಿಗೂ ಒಂದು ಹಿಡಿ ಹಣ್ಣು ತಪ್ಪಿಸಿದವನಲ್ಲ. ಅಂಥವನು ತನ್ನ ಮೈಯನ್ನೇ ಕಳ್ಳತೂಕ ಮಾಡುತ್ತಾನೆಂದು ಯಾವ ಹೆಂಡತಿ ಎಣಿಸುತ್ತಾಳೆ? ಹಾಸನಕ್ಕೆಂದು ಬಟ್ಟೆ, ಆಸ್ಪತ್ರೆ ಚೀಟಿ ತುಂಬಿಟ್ಟಿದ್ದ ಚೀಲವನ್ನು ಅವಳು ಮತ್ತೆ ಗೂಟಕ್ಕೆ ನೇತುಹಾಕಿದಳು.

ಅಲ್ಲಿಂದ ಮುಂದೆ ಕಡ್ಡಿ ಐವತ್ತೆರಡನ್ನು ಬಿಟ್ಟು ಅಲುಗಲಿಲ್ಲ. ಒಳಗಿನ ತೂಕ ಏರಿದ ಹಾಗೆಲ್ಲ ಚಿಂದಿಯ ಒಳಗೆ ಇನ್ನೊಂದು ವಾಷರ್ ಸೇರುತ್ತಿತ್ತು. ಹೆಂಡತಿಗೆ ಐವತ್ತೆರಡು. ತನಗೆ ಮಾತ್ರ, ಚೀಲ ಎಷ್ಟು ಕಳೆದಿದ್ದೇನೆ ಎಂಬ ಲೆಕ್ಕ. ಆರನೆಯದು ಸಿಕ್ಕಿಸುವ ದಿನಕ್ಕೆ ಅವನು ಕಾಯುತ್ತಿದ್ದ.

ಕೆ. ಹೊಸಕೋಟೆಯಿಂದ ಮಗಳು ತನುಜಾ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಅದನ್ನೇ. "ಅವ್ವ, ಅಪ್ಪನ ತೂಕ?"

"ಐವತ್ತೆರಡೇ ಕಣವ್ವ."

"ಸದ್ಯ. ಅಷ್ಟಿದ್ರೆ ಭಯ ಇಲ್ಲ ಅಂದ್ರು ಇಲ್ಲಿ ಡಾಕ್ಟ್ರು. ಸುಸ್ತು ಏನಾರ ಐತಾ?"

ಸುಸ್ತು ಇತ್ತು. ಹಟ್ಟಿಯಿಂದ ಜಗಲಿಗೆ ಬರುವಷ್ಟರಲ್ಲಿ ಏಕಾಂತಯ್ಯ ಕಂಬ ಹಿಡಿದು ನಿಲ್ಲುತ್ತಿದ್ದ. ಮಲಗಿದರೆ ಕೆಮ್ಮು. ಭತ್ತದ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. "ಚಳಿ ಕಣೆ" ಎನ್ನುತ್ತಿದ್ದ. ಗುರುಶಾಂತಮ್ಮ ಮೆಣಸಿನ ಕಷಾಯ ಮಾಡಿಕೊಡುತ್ತಿದ್ದಳು. ಮಗಳಿಗೆ, "ಚಳಿಗೆ ಒಂದಿಷ್ಟು ಕೆಮ್ಮು, ತೂಕ ಸರಿಯಾಗೈತೆ" ಎನ್ನುತ್ತಿದ್ದಳು.

ಒಂದು ದಿನ ಸ್ನಾನಕ್ಕೆ ನೀರು ಹೊಯ್ಯುವಾಗ ಅವಳು ಅವನ ಉಡಿದಾರವನ್ನು ನೋಡಿದಳು. ಯಾವಾಗಲೂ ಸೊಂಟದಲ್ಲಿ ಸಡಿಲವಾಗಿ ಜಾರಾಡುತ್ತಿದ್ದ ಕರಿದಾರ ಈಗ ಕಾಣುತ್ತಲೇ ಇರಲಿಲ್ಲ. ಬೆರಳಿನಿಂದ ಹುಡುಕಿದರೆ ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿತ್ತು, ಸುತ್ತಲೂ ಕೆಂಪು ಗೀರು. ತೋಳು ನೋಡಿದರೆ ಒಣಗಿದ ಕಡ್ಡಿ. ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು.

"ರೀ, ಇದ್ಯಾಕೆ ಹಿಂಗೆ ಬಿಗಿದೈತೆ?"

"ಹಳೇ ದಾರ. ನೀರಿಗೆ ಕುಗ್ಗೈತೆ."

"ದಾರ ಕುಗ್ಗಲ್ಲ ಕಣ್ರೀ."

"ಹಂಗಾರೆ ಹೊಟ್ಟೆ ಬಂದೈತೆ. ಬರಲಿ ಬಿಡು. ತಕ್ಕಡಿ ಏನು ಹೇಳ್ತು ಇವತ್ತು ಬೆಳಿಗ್ಗೆ? ನೀನೇ ನೋಡ್ದೆ ತಾನೆ?"

ನೋಡಿದ್ದಳು. ಅವಳು ಗಂಟು ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಿದಳು. ಕೈ ಒಂದು ಹೇಳುತ್ತಿತ್ತು, ಕಡ್ಡಿ ಇನ್ನೊಂದು ಹೇಳುತ್ತಿತ್ತು. ಆಸ್ಪತ್ರೆಯವರು ನಂಬು ಎಂದು ಹೇಳಿದ್ದು ಕಡ್ಡಿಯನ್ನು. ಅವಳು ಕಡ್ಡಿಯನ್ನೇ ನಂಬಿದಳು.

ಹಣ್ಣು ಕೊಯ್ಲು ಶುರುವಾದ ದಿನ ಗುರುಶಾಂತಮ್ಮನೂ ಕೊಯ್ಲಿಗೆ ಹೋದಳು. ಏಕಾಂತಯ್ಯ ಮನೆಯಲ್ಲಿ ಇರುತ್ತೇನೆಂದಿದ್ದ. ಸಂಜೆ ಎಲ್ಲರ ಜೊತೆ ಚೀಲ ಹೊತ್ತು ಸ್ಟೋರಿನ ಅಂಗಳಕ್ಕೆ ಬಂದರೆ, ಅಲ್ಲಿ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಏಕಾಂತಯ್ಯ ನಿಂತಿದ್ದ. ಒಂದು ಕೈ ಗೋಡೆಯ ಮೇಲೆ. ಸುತ್ತ ಲಕ್ಕಯ್ಯ, ಸಿದ್ದು, ಆಳುಗಳು.

"ಓಹೋ, ತೂಕದ ಸಾಹುಕಾರ್ರು ಬಂದ್ರು!" ಎಂದಳು ಸಾಲಿನಲ್ಲಿದ್ದ ಪುಷ್ಪಾ. "ಆ ಸಿದ್ದು ಕೈಗೆ ಸಿಕ್ಕಿ ನಮ್ ಹಣ್ಣೆಲ್ಲ ಹತ್ತಿಯಷ್ಟು ಹಗುರ ಆಗ್ಬುಡ್ತದೆ ಅಯ್ಯ, ಬೇಗ ಬಂದು ನಿಂತ್ಕಳಿ!"

"ಏ, ಮಿಷನ್ ತೋರ್ಸಿದ್ದು ನಾನು ಹೇಳ್ತೀನಿ ಕಣಕ್ಕ" ಎಂದ ಸಿದ್ದು.

ರಾಜಶೇಖರ್ ಆಫೀಸಿನಿಂದ ಹೊರಗೆ ಬಂದ. ಏಕಾಂತಯ್ಯ ಅವನಿಗೆ ಕೈ ಮುಗಿದು, "ರೈಟ್ರೆ, ಮೈ ತುಂಬ್ಕೊಂಡು ಬಾ ಅಂದಿದ್ರಲ್ಲ. ಎಲ್ಲರ ಎದುರಿಗೇ ನೋಡ್ಬುಡಿ" ಎಂದು ಹೊಸ ಮಿಷನ್ನಿನ ಹಲಗೆ ಹತ್ತಿದ. ಅದಕ್ಕೆ ಗುಂಡು ಇಲ್ಲ, ಕಡ್ಡಿ ಇಲ್ಲ. ಗಾಜಿನಲ್ಲಿ ಕೆಂಪು ಅಂಕಿಗಳು ಒಂದು ಗಳಿಗೆ ಕುಣಿದು ನಿಂತವು.

ಲಕ್ಕಯ್ಯ ಕೂಗಿದ: "ಐವತ್ತೆಂಟು!"

"ಹೋ!" ಎಂದಿತು ಅಂಗಳ. ಯಾರೋ ಸಿಳ್ಳೆ ಹಾಕಿದರು. ಪುಷ್ಪಾ ಚೀಲ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. "ಹಳೇ ಹುಲಿ ಹಳೇ ತೂಕಕ್ಕೆ ಬಂತು ನೋಡ್ರಪ್ಪ!"

ಗುರುಶಾಂತಮ್ಮನ ತಲೆಯ ಮೇಲಿನ ಚೀಲ ಜಾರಿತು. ಹಣ್ಣು ಕಾಲಿನ ಸುತ್ತ ಚೆಲ್ಲಿಹೋಯಿತು. ಯಾರೂ ಗಮನಿಸಲಿಲ್ಲ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಗಂಡನ ಎದುರು ನಿಂತಳು.

"ಮನೇಲಿ ಬೆಳಿಗ್ಗೆ ಐವತ್ತೆರಡು ಇತ್ತಲ್ರೀ."

"ಚೀಲ ಕಳ್ದಿದ್ದೆ ಕಣೆ" ಎಂದ. ಮುಖದಲ್ಲಿ ಇನ್ನೂ ನಗು ಇತ್ತು.

"ಎಷ್ಟು ಚೀಲ?"

"ಆರು."

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅವನ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಕೊಯ್ಲಿನಿಂದ ಕಪ್ಪಾದ ಹೆಬ್ಬೆರಳನ್ನು ಅವನ ಮುಂಗಾಲಿಗೆ ಒತ್ತಿ ತೆಗೆದಳು. ಒತ್ತಿದ ಕಡೆ ಕುಳಿ ಬಿತ್ತು. ಹಸಿ ಮಣ್ಣಿನಲ್ಲಿ ದನದ ಹೆಜ್ಜೆಯ ಹಾಗೆ ಆ ಕುಳಿ ಹಾಗೇ ಇತ್ತು, ತುಂಬಲೇ ಇಲ್ಲ. ಚಪ್ಪಾಳೆ ಒಂದೊಂದಾಗಿ ನಿಂತಿತು.

"ಇದು ಮೈ ಅಲ್ಲ ಲಕ್ಕಯ್ಯ. ನೀರು" ಎಂದಳು.

"ಹಳೇ ತೂಕ ಕಣೆ... ಎಲ್ಲಾರೂ ನೋಡವ್ರೆ" ಎಂದು ಏಕಾಂತಯ್ಯ ಹಲಗೆಯಿಂದ ಇಳಿಯಲು ಹೋದ. ಮಾತು ಅಲ್ಲಿಗೇ ಕಡಿಯಿತು. ಕೆಮ್ಮು ಬಂತು. ಕೆಮ್ಮಿನ ಜೊತೆ ಗುಲಾಬಿ ಬಣ್ಣದ ನೊರೆ. ಬಿಳಿ ಅಂಗಿಯ ಮೇಲೆ ಬಿತ್ತು. ಅವನ ಕಣ್ಣು ಹೆಂಡತಿಯನ್ನು ಹುಡುಕಿತು, ನೀರಿಗೆ ಬಿದ್ದವನು ದಡ ಹುಡುಕುವ ಹಾಗೆ.

"ಧರ್ಮ, ಜೀಪ್ ತೆಗಿಯೋ!" ಎಂದು ರಾಜಶೇಖರ್ ಡ್ರೈವರನಿಗೆ ಕಿರುಚಿದ.

ಜೀಪಿನಲ್ಲಿ ಅವನನ್ನು ಮಲಗಿಸಲು ಬರಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಗುರುಶಾಂತಮ್ಮ ಅವನನ್ನು ಎದೆಗೆ ಒರಗಿಸಿಕೊಂಡು, ಹಿಂದಿನಿಂದ ಎರಡೂ ಕೈ ಸುತ್ತಿ ಹಿಡಿದು ಕೂತಳು. ಅವನೊಳಗೆ ಹುಕ್ಕಾ ಸೇದಿದ ಹಾಗೆ ನೀರು ಗುಳುಗುಳು ಎನ್ನುವುದು ಅವಳ ಎದೆಗೆ ಕೇಳಿಸುತ್ತಿತ್ತು. ಇಷ್ಟು ಭಾರದ ಗಂಡನನ್ನು ಅವಳು ಎಂದೂ ಹಿಡಿದಿರಲಿಲ್ಲ. ಇದರಲ್ಲಿ ಅವನು ಎಷ್ಟು, ನೀರೆಷ್ಟು ಎಂದು ದಾರಿಯುದ್ದಕ್ಕೂ ಅದೊಂದೇ ಯೋಚನೆ ಬರುತ್ತಿತ್ತು.

ಬದುಕಿದ. ಆಸ್ಪತ್ರೆಯಲ್ಲಿ ಸೂಜಿ ಕೊಟ್ಟು ನೀರು ಇಳಿಸಿದರು. ಕೊಡ ತೂತಾದ ಹಾಗೆ ಇಳಿಯುತ್ತಲೇ ಇತ್ತು. ಕೊನೆಗೆ ಮಂಚದ ಮೇಲೆ ಉಳಿದದ್ದು ನಲವತ್ತೆಂಟು ಕೆ.ಜಿ.ಯ ಒಬ್ಬ ಮುದುಕ. ಡಾಕ್ಟರು ಯಾರನ್ನೂ ಬೈಯಲಿಲ್ಲ. "ಮೊದಲೇ ಸೋತಿದ್ದ ಹೃದಯ, ಈಗ ಇನ್ನೂ ಸೋತಿದೆ. ಹೀಗೇ ಇನ್ನೊಂದು ಸಲ ಆದ್ರೆ ತಡೆಯಲ್ಲ" ಎಂದರು, ಅವಳಿಗೆ ಮಾತ್ರ, ಹೊರಗೆ ಕರೆದು. ಒಳಗೆ ಬಂದಾಗ ಏಕಾಂತಯ್ಯ ಅವಳ ಮುಖದಲ್ಲೇ ಅದನ್ನು ಓದಿಕೊಂಡ.

ಅವನು ತಾನೇ ಮಾತು ತೆಗೆದ. "ನಿನಗೆ ಸುಳ್ಳು ಹೇಳ್ಬೇಕು ಅಂತ ಅಷ್ಟೇ ಅಲ್ಲ ಕಣೆ. ವಾಷರ್ ಸಿಕ್ಸಿದೋನು ನಾನೇ. ಆದ್ರೂ ಬೆಳಿಗ್ಗೆ ಕಡ್ಡಿ ಐವತ್ತೆರಡಕ್ಕೆ ನಿಂತಾಗ ನಂಗೂ ಧೈರ್ಯ ಬರೋದು. ನಾನು ಕೂಗಿದ್ ತೂಕ ನಾನೇ ನಂಬ್ಬುಟ್ಟೆ."

ಅವಳು ಅವನ ಹೊದಿಕೆ ಸರಿಮಾಡಿದಳು. ಕೋಪ ಇತ್ತು, ಆದರೆ ಅದನ್ನು ಇಡಲು ಅವನ ಆ ಸೊರಗಿದ ಮೈಯಲ್ಲಿ ಜಾಗವಿರಲಿಲ್ಲ.

ಮನೆಗೆ ಬಂದ ದಿನ ಏಕಾಂತಯ್ಯ ಜಗಲಿಯಲ್ಲಿ ಕೂತು ಕೊಕ್ಕೆಯ ಚಿಂದಿ ಬಿಚ್ಚಿದ. ವಾಷರ್‌ಗಳನ್ನು ಒಂದೊಂದಾಗಿ ತೆಗೆದು ಅವಳ ಅಂಗೈಗೆ ಹಾಕಿದ. ಆರೂ ಸೇರಿ ಒಂದು ಮುಷ್ಟಿ ಕಡಲೆಯಷ್ಟು ಭಾರವಿರಲಿಲ್ಲ. ಅವಳು ಲಕ್ಕಯ್ಯನ ಕೈಲಿ ಡಬ್ಬಿಯನ್ನೇ ಸ್ಟೋರಿಗೆ ಕಳಿಸಿಕೊಟ್ಟಳು. ಲಕ್ಕಯ್ಯ ಉಪ್ಪಿನಕಾಯಿಯ ಜಾಡಿಯನ್ನು ತಂದು ಅಂಗಳದಲ್ಲಿಟ್ಟು, ಮುಖ ತೋರಿಸದೆ ಹೋದ. ಸ್ಟೋರಿನಲ್ಲಿ ತೂಕ ಸಿದ್ದುವಿನದೇ ಆಯಿತು. ರಾಜಶೇಖರ್ ಒಂದು ದಿನ ಬಾಳೆಹಣ್ಣು ತೆಗೆದುಕೊಂಡು ಬಂದು, ಆ ಮಾತು ಎತ್ತಲೂ ಆಗದೆ, ಬಿಡಲೂ ಆಗದೆ, ಕಾಫಿ ಕುಡಿದು ಎದ್ದ.

ಈಗ ಬೆಳಗಿನ ತೂಕಕ್ಕೆ ಯಾರೂ ಬೇಲಿಯಾಚೆಯಿಂದ ಕೂಗಿ ಕೇಳುವುದಿಲ್ಲ. ಏಕಾಂತಯ್ಯ ಹಲಗೆ ಹತ್ತುತ್ತಾನೆ. ಗುಂಡು ಜಾರಿಸುವುದು ಗುರುಶಾಂತಮ್ಮ. ಬೆರಳಿಗೆ ಇನ್ನೂ ಹದ ಸಿಕ್ಕಿಲ್ಲ. "ನಿಧಾನ, ಅದು ತಾನಾಗೇ ನಿಲ್ತದೆ" ಎಂದು ಅವನು ಹೇಳಿಕೊಡುತ್ತಾನೆ. ಕಡ್ಡಿ ನೋಡಿ ಮುಗಿದ ಮೇಲೆ ಅವಳು ಮುಂಗಾಲು ಒತ್ತಿ ನೋಡುತ್ತಾಳೆ, ಉಡಿದಾರದ ಒಳಗೆ ಎರಡು ಬೆರಳು ಹಾಕಿ ನೋಡುತ್ತಾಳೆ, ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂದು ಕೇಳುತ್ತಾಳೆ. ಒಂದನ್ನೇ ನಂಬುವುದನ್ನು ಅವಳು ಬಿಟ್ಟಿದ್ದಾಳೆ. ಅರ್ಧ ಕೆ.ಜಿ. ಹೆಚ್ಚಿದರೂ ಕಡಿಮೆಯಾದರೂ ಇಬ್ಬರೂ ನಗುವುದಿಲ್ಲ, ಅಳುವುದಿಲ್ಲ. ಮಾತ್ರೆ ನುಂಗಿ, ಸಪ್ಪೆ ರೊಟ್ಟಿ ತಿಂದು, ಅವನು ಬಿಸಿಲಿಗೆ ಕೂರುತ್ತಾನೆ.

ರೊಬಸ್ಟಾ ಕಾಫಿಯ ಕೊಯ್ಲೂ ಮುಗಿಯುತ್ತ ಬಂದಿತ್ತು. ಮಂಜು ಇನ್ನೂ ಅಂಗಳದಲ್ಲೇ ಕೂತಿದ್ದ ಒಂದು ಬೆಳಿಗ್ಗೆ ಗುರುಶಾಂತಮ್ಮ ಹಾಲು ಕರೆದು ಬರುವ ಹೊತ್ತಿಗೆ ಏಕಾಂತಯ್ಯ ಒಬ್ಬನೇ ಹಲಗೆಯ ಮೇಲೆ ನಿಂತಿದ್ದ. ಗುಂಡನ್ನು ತಾನೇ ಜಾರಿಸಿದ್ದ. ಅವಳ ಕಣ್ಣು ಮೊದಲು ಹೋದದ್ದು ಕೊಕ್ಕೆಯ ಕಡೆಗೆ. ಕೊಕ್ಕೆ ಬರಿದಾಗಿತ್ತು.

ಅವನು ಕೂಗಿದ, ಸ್ಟೋರಿನಲ್ಲಿ ಕೂಗುತ್ತಿದ್ದ ಹಾಗೆಯೇ ತಲೆಯೆತ್ತಿ. ದನಿ ಮಾತ್ರ ಜಗಲಿ ದಾಟಲಿಲ್ಲ.

"ಐವತ್ತು."

ಮೊನ್ನೆ ನಲವತ್ತೆಂಟು ಇತ್ತು.

ಅವಳು ಹಾಲಿನ ಚೆಂಬನ್ನು ಕೆಳಗಿಟ್ಟು ಬಂದು, ಮುಂಗಾಲಿಗೆ ಹೆಬ್ಬೆರಳು ಒತ್ತಿದಳು. ತೆಗೆದಳು. ಇಬ್ಬರೂ ಆ ಕುಳಿಯನ್ನೇ ನೋಡುತ್ತ ನಿಂತರು.

"ಏರೈತೆ ಕಣೆ" ಎಂದ ಏಕಾಂತಯ್ಯ. "ಬಸ್ಸು ಎಷ್ಟೊತ್ತಿಗೆ?"

"ಇನ್ನೇನು ಬರೋ ಹೊತ್ತು."

ಅವನು ಕಂಬ ಹಿಡಿದು ಹಲಗೆಯಿಂದ ಇಳಿದ. ಗುಂಡನ್ನು ಹಿಂದಕ್ಕೆ ಜಾರಿಸಿ ಸೊನ್ನೆಗೆ ತಂದಿಟ್ಟ, ಕೆಲಸ ಮುಗಿಸಿ ಹೋಗುವಾಗ ಮಾಡುತ್ತಿದ್ದ ಹಾಗೆ. ಅವಳು ಒಳಗೆ ಹೋಗಿ ಗೂಟದ ಮೇಲಿನ ಹಾಸನದ ಚೀಲ ತೆಗೆದುಕೊಂಡಳು, ಹಾಲನ್ನು ಲಕ್ಕಯ್ಯನ ಮನೆಗೆ ಕೊಟ್ಟು ಬಾಗಿಲಿಗೆ ಬೀಗ ಹಾಕಿದಳು. ಗೇಟಿನವರೆಗೆ ಅವನು ನಾಲ್ಕು ಕಡೆ ನಿಂತ. ನಿಂತಾಗಲೆಲ್ಲ ಅವಳೂ ನಿಂತಳು.